ಕೊನೆಯದಾಗಿ ಒಟ್ಟಿಗಿದ್ದ ದಿನ

ತುಂಗೆಯ ಸೇತುವೆಯ ನಡುವೆ ಬಸ್ಸು ನಿಂತೇಬಿಟ್ಟಿತು. ಮುಂದೆ, ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಬೋರ್ಡು ಹೊತ್ತ ಸಣ್ಣ ಕಾರೊಂದು ಕಪ್ಪೆಯ ಹಾಗೆ ನೆಗೆದು, ಎಂಜಿನ್ ಆರಿ, ಮತ್ತೆ ಹೊತ್ತಿ, ಮತ್ತೆ ನೆಗೆದು ಆರಿತ್ತು. ಅದರ ಹಿಂದೆ ಭದ್ರಾವತಿ ಕಡೆಯಿಂದ ಬರುವ ಬಸ್ಸುಗಳು, ಆಟೋಗಳು, ಕೋಳಿ ತುಂಬಿದ ಟೆಂಪೊ ಎಲ್ಲ ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. "ಯಾವನಯ್ಯ ಅವನು, ಸೇತುವೆ ಮೇಲೆ ಕಾರು ಕಲ್ಸೋನು!" ಎಂದು ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಬಿಡಣ್ಣ, ನೀನೇನು ಹುಟ್ಟುವಾಗ್ಲೇ ಸ್ಟೇರಿಂಗ್ ಹಿಡ್ಕೊಂಡು ಬಂದಿದ್ಯಾ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಸುಮನಾ ಮಾತ್ರ ಮುಂದಿನ ಸೀಟಿನ ಕಂಬಿ ಹಿಡಿದು ಅರ್ಧ ಎದ್ದು, ಆ ಕಾರಿನ ಎಡಗಡೆ ಕೂತವನ ಕುತ್ತಿಗೆಯನ್ನು ನೋಡಲು ಹವಣಿಸಿದಳು. ತೆಳ್ಳಗಿನ ಕುತ್ತಿಗೆ, ಯಾರೋ ಹುಡುಗ. ಕಾರು ಕಲಿಸುವ ಅವಳ ಗಂಡ ಗುರು ಅಲ್ಲ. ಸದ್ಯ ಅಂದುಕೊಂಡಳು. ಅದರ ಬೆನ್ನಿಗೇ, ಅಲ್ಲವಲ್ಲ ಎಂಬ ಸಣ್ಣ ನಿರಾಸೆಯೂ ಬಂದು ಕೂತಿತು. ಇನ್ನೆರಡು ಗಂಟೆಯಲ್ಲಿ ವಕೀಲರ ಆಫೀಸಿನಲ್ಲಿ ಗಂಡನ ಮುಖ ಹೇಗೂ ನೋಡಲೇಬೇಕು. ಅವನಿಂದ ಬಿಡುಗಡೆ ಕೇಳಲೆಂದೇ ಲ್ಯಾಬಿಗೆ ರಜೆ ಹಾಕಿ ಹೊರಟವಳು ದಾರಿಯಲ್ಲಿ ಕಂಡ ಪ್ರತಿ ಹಳದಿ ಬೋರ್ಡಿನ ಕಾರಿನೊಳಗೆ ಅವನನ್ನೇ ಹುಡುಕುವುದು ಯಾವ ಸೀಮೆಯ ನ್ಯಾಯ ಎಂದು ತನ್ನನ್ನೇ ಕೇಳಿಕೊಂಡು, ಸೆರಗು ಸರಿಮಾಡಿಕೊಂಡು ಕೂತಳು.

ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕಿರುತ್ತದೆ ಎಂದು ಅವಳಿಗೆ ಹೇಳಿದವನು ಗುರುವೇ, ಮದುವೆಯಾದ ಹೊಸದರಲ್ಲಿ, ಗಾಜನೂರಿನ ಡ್ಯಾಮಿನ ಹತ್ತಿರ ಕಾರು ನಿಲ್ಲಿಸಿಕೊಂಡು. ಓಡಿಸುವವರಿಗೆ ತಾವೇ ಓಡಿಸುತ್ತಿದ್ದೇವೆ ಅನ್ನಿಸಬೇಕು, ಆದರೆ ನಿಲ್ಲಿಸೋದು ನಾನು, ಎಂದು ನಕ್ಕಿದ್ದ. ಆಗ ಅವನು ನಗುತ್ತಿದ್ದ, ಮಾತಾಡುತ್ತಿದ್ದ. ಆಮೇಲಾಮೇಲೆ ದಿನವಿಡೀ ಯಾರ್ಯಾರದೋ ಪಕ್ಕ ಕೂತು 'ಕ್ಲಚ್ ಬಿಡಿ, ನಿಧಾನ, ಗೇರ್ ಹಾಕಿ, ಕನ್ನಡಿ ನೋಡಿ' ಎಂದು ಹೇಳಿ ಹೇಳಿ ಸಂಜೆ ಮನೆಗೆ ಬರುವಾಗ ಗಂಟಲಲ್ಲಿ ಏನೂ ಉಳಿದಿರುತ್ತಿರಲಿಲ್ಲವೋ ಏನೋ. ಒಮ್ಮೆ ಮಾರ್ಕೆಟ್ಟಿಂದ ಬರುವಾಗ, ಅವನು ಕಾರು ಕಲಿಸುತ್ತಿದ್ದ ಮೈದಾನದ ಕಾಂಪೌಂಡಿನ ಆಚೆ ಅವಳು ನಿಂತು ಅವನ ದನಿಯನ್ನು ಕದ್ದು ಕೇಳಿದ್ದಳು. ಯಾರೋ ಬ್ಯಾಂಕಿನ ಹೆಂಗಸು ಸ್ಟೇರಿಂಗ್ ಬಿಟ್ಟು ಅಳುವುದರಲ್ಲಿದ್ದಳು. "ಹೆದರ್ಬೇಡಿ ಮೇಡಂ, ನಾನಿದೀನಲ್ಲ. ತಪ್ಪಾದ್ರೆ ಏನಂತೆ, ಇನ್ನೊಂದು ಸಲ" ಎನ್ನುತ್ತಿದ್ದ. ಎಷ್ಟು ಮೆತ್ತಗಿನ ದನಿ! ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ಬಿಸಿಲಲ್ಲಿ ನಿಂತ ಅವಳಿಗೆ ಹೊಟ್ಟೆಕಿಚ್ಚಿನ ಜೊತೆಗೆ ನಾಚಿಕೆಯೂ ಆಗಿತ್ತು. ತನ್ನ ಗಂಡನ ಮಾತು ಕೇಳಲು ಗೋಡೆಯ ಮರೆಗೆ ನಿಲ್ಲುವ ಹೆಂಗಸು ಈ ಊರಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ, "ಪೂಜಿತಾ, ಅಮ್ಮಂಗೆ ಹೇಳು, ಸಾರಿಗೆ ಉಪ್ಪು ಕಡಿಮೆ" ಎಂದ. ಅಮ್ಮ ಒಂದು ಮೊಳ ದೂರದಲ್ಲಿ ಕೂತಿದ್ದಳು.

ಅದು ಹೇಗೆ ಶುರುವಾಯಿತೆಂದು ಅವಳಿಗೂ ನೆನಪಿಲ್ಲ, ಅವನಿಗೂ ಇರಲಿಕ್ಕಿಲ್ಲ. ಮಗು ತೊದಲುವ ಕಾಲಕ್ಕೆ ಮುದ್ದಿಗೆಂದು 'ಅಮ್ಮಂಗೆ ಹೇಳು', 'ಅಪ್ಪಂಗೆ ಹೇಳು' ಎಂದಿದ್ದು ಮಗು ಬೆಳೆದ ಮೇಲೂ ಹಾಗೇ ನಿಂತುಬಿಟ್ಟಿತು. ತ್ಯಾವರೆಕೊಪ್ಪದ ಸಫಾರಿಗೆ ಹೋದಾಗ ಜಾಲರಿಯ ವ್ಯಾನಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡಿದ್ದರು. ಪೊದೆಯ ಕೆಳಗೆ ಸಿಂಹ ಬಾಲ ಕೂಡ ಅಲ್ಲಾಡಿಸದೆ ಮಲಗಿತ್ತು. "ಅಮ್ಮಂಗೆ ತೋರ್ಸು, ಅಲ್ಲಿದೆ ನೋಡು" ಎಂದು ಅವನು ಮಗಳ ತಲೆಯ ಮೇಲಿಂದ ಕೈ ಚಾಚಿದ್ದ, ಆ ಕೈ ಸುಮನಾಳ ಕೆನ್ನೆಗೇ ತಾಗುವಷ್ಟು ಹತ್ತಿರವಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಅವನು ಬಚ್ಚಲಿಂದ, ಅವಳು ಅಡುಗೆಮನೆಯಿಂದ ಒಂದೇ ಸಲಕ್ಕೆ ಹುಡುಗಿಯ ಹೆಸರು ಕೂಗಿದಾಗ ಪೂಜಿತಾ ಬ್ಯಾಗನ್ನು ನೆಲಕ್ಕೆ ಕುಕ್ಕಿ, "ನಾನೇನು ಫೋನಾ? ನೀವೇ ಹೇಳ್ಕೊಳ್ಳಿ" ಎಂದು ಗೋಡೆಗೆ ಮುಖ ತಿರುಗಿಸಿ ಅತ್ತುಬಿಟ್ಟಳು. ನಲ್ಲಿಯ ಕೆಳಗಿನ ಕೊಡ ತುಂಬಿ ನೀರು ಅಂಗಳಕ್ಕೆ ಹರಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ಅದಾಗಿ ಒಂದು ವಾರಕ್ಕೆ ಸುಮನಾ ಮಗಳನ್ನೂ ಒಂದು ಸೂಟ್‌ಕೇಸನ್ನೂ ತೆಗೆದುಕೊಂಡು ಭದ್ರಾವತಿಗೆ, ತವರಿಗೆ ಹೊರಟಳು. ಆಷಾಢ. ಹೊಸಮನೆ ಬಡಾವಣೆಯ ಅವರ ಬೀದಿಯ ಹೆಂಗಸರು, "ಏನೇ ಸುಮಾ, ಹೊಸ ಮದುವಣಗಿತ್ತಿ ಥರ ಆಷಾಢಕ್ಕೆ ತವರಿಗಾ?" ಎಂದು ನಕ್ಕರು, ಅವಳೂ ನಕ್ಕಳು. ಶ್ರಾವಣ ಬಂದಾಗ ಅವಳ ತಾಯಿ ಕಾಶಮ್ಮ ಕ್ಯಾಲೆಂಡರಿನ ಹಾಳೆ ಹರಿದು ಮಗಳ ಮುಖ ನೋಡಿ, ಮತ್ತೆ ಆ ವಿಷಯ ಎತ್ತಲಿಲ್ಲ.

ವಕೀಲರಾದ ಮೀರಾ ಮೇಡಂ ಅವರ ಆಫೀಸು ಕೋರ್ಟಿನ ಎದುರು ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ. ಅರವತ್ತರ ಆಸುಪಾಸಿನ ಹೆಂಗಸು, ಕರಿ ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಡಬ್ಬಿಯಿಂದ ಅವಲಕ್ಕಿ ತಿನ್ನುತ್ತಿದ್ದರು. "ಬಾರಮ್ಮ, ಕೂತ್ಕೊ. ನಾನು ಇಬ್ಬರನ್ನೂ ಬೇರೆ ಬೇರೆ ಕೇಳ್ತೀನಿ. ಒಟ್ಟಿಗೆ ಕೂರ್ಸಿದ್ರೆ ಒಬ್ರು ಮಾತಾಡ್ತಾರೆ, ಇನ್ನೊಬ್ರು ತಲೆ ಆಡಿಸ್ತಾರೆ" ಎಂದವರೇ ಅವಲಕ್ಕಿಯ ಚಮಚ ಕೆಳಗಿಡದೆ ಕೇಳತೊಡಗಿದರು. ಹೊಡೀತಾರಾ? ಇಲ್ಲ ಮೇಡಂ. ಕುಡಿತ? ಇಲ್ಲ. ಬೇರೆ ಯಾರಾದ್ರೂ? ಇಲ್ಲ. "ಮನೆ ಖರ್ಚಿಗೆ ಕೊಡಲ್ವಾ?" "ಕೊಡ್ತಾರೆ. ಕೇಳೋದಕ್ಕೂ ಮುಂಚೆ ಕಳಿಸ್ತಾರೆ." ಮೀರಾ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಮತ್ತೆ?" "ಮಾತಾಡಲ್ಲ" ಎಂದಳು ಸುಮನಾ. ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಎಷ್ಟು ಚಿಕ್ಕದಾಗಿಬಿಟ್ಟಿತೆಂದರೆ ಅದನ್ನು ಹೆಕ್ಕಿ ವಾಪಸು ತೆಗೆದುಕೊಳ್ಳಬೇಕೆನ್ನಿಸಿತು. ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಎಲ್ಲ ನಾರ್ಮಲ್ ಎಂದು ಬಂದ ರಿಪೋರ್ಟನ್ನು ಕೈಯಲ್ಲಿ ಹಿಡಿದು, 'ಮತ್ತೆ ಈ ನೋವು ಯಾಕೆ ಮೇಡಂ?' ಎಂದು ತಪ್ಪು ಮಾಡಿದವರ ಹಾಗೆ ಕೌಂಟರಿನ ಮುಂದೆ ನಿಲ್ಲುವವರನ್ನು ದಿನಾ ನೋಡುತ್ತಾಳೆ. ಡಾಕ್ಟ್ರಿಗೆ ತೋರ್ಸಿ ಎಂದು ಮುಂದಿನವರ ಹೆಸರು ಕರೆಯುತ್ತಾಳೆ.

"ನಮ್ಮ ಯಜಮಾನ್ರೂ ಮಾತಾಡಲ್ಲ. ಇಲ್ಲಿಂದ ಹೋದ ಮೇಲೆ ನನಗೂ ಅದೇ ಬೇಕು" ಎಂದು ಮೀರಾ ಮೇಡಂ ಡಬ್ಬಿ ಮುಚ್ಚಿದರು. ಆಮೇಲೆ ದನಿ ಬದಲಾಯಿತು. "ನೋಡಮ್ಮ, ದಾರಿ ಎರಡು. ಒಂದು, ಒಬ್ರು ಇನ್ನೊಬ್ರ ಮೇಲೆ ಕೇಸು ಹಾಕೋದು. ಅದಕ್ಕೆ ಕಾರಣ ಬೇಕು, ಕಾರಣಕ್ಕೆ ಸಾಕ್ಷಿ ಬೇಕು, ಸಾಕ್ಷಿಗೆ ವರ್ಷಗಟ್ಲೆ ಬೇಕು. ನಿನ್ನ ಹತ್ರ ಮೊದಲನೇದೇ ಇಲ್ಲ. ಇನ್ನೊಂದು, ಇಬ್ರೂ ಒಪ್ಪಿ ಒಂದೇ ಅರ್ಜಿಗೆ ಸಹಿ ಹಾಕೋದು. ಅಲ್ಲಿ ಯಾರೂ ಕಾರಣ ಕೆದಕಲ್ಲ. ಆದ್ರೆ ಅರ್ಜಿ ಹಾಕೋಕೆ ಮುಂಚೆ ಒಂದು ವರ್ಷ ನೀವು ಗಂಡ ಹೆಂಡ್ತಿಯಾಗಿ ಇದ್ದಿರಬಾರದು. ಹಾಕಿದ ಮೇಲೂ ಆರು ತಿಂಗಳು ಕಾಯಿಸ್ತಾರೆ, ಮನಸ್ಸು ಬದಲಾಗುತ್ತೇನೋ ಅಂತ. ಕೆಲವು ಸಲ ಅದನ್ನ ಬಿಡ್ತಾರೆ, ಅದು ಜಡ್ಜಿಗೆ ಬಿಟ್ಟಿದ್ದು."

"ಖರ್ಚು ಎಷ್ಟಾಗಬಹುದು ಮೇಡಂ?"

"ಕೋರ್ಟ್ ಫೀಸು ಅಂಥ ದೊಡ್ಡದಲ್ಲ. ನನ್ನದನ್ನ ಕಂತಲ್ಲಿ ಕೊಡು. ಅದೂ ಕಷ್ಟ ಅಂದ್ರೆ ಕೋರ್ಟಲ್ಲೇ ಕಾನೂನು ಸೇವೆಯವ್ರಿದಾರೆ, ಹೆಂಗಸ್ರಿಗೆ ಪುಕ್ಕಟೆ ವಕೀಲ್ರನ್ನ ಕೊಡ್ತಾರೆ, ಅಲ್ಲಿಗೂ ಹೋಗ್ಬೋದು, ನನಗೇನು ಬೇಜಾರಿಲ್ಲ. ನಿಜವಾದ ಖರ್ಚು ಅಂದ್ರೆ ಜಗಳ ಕಣಮ್ಮ. ಮಗು ಯಾರ ಹತ್ರ, ಒಡವೆ ಯಾರಿಗೆ, ಜೀವನಾಂಶ ಎಷ್ಟು. ಎಷ್ಟು ಜಗಳ ಆಡ್ತೀರೋ ಅಷ್ಟು ಖರ್ಚು."

"ಜಗಳಾನೇ ಇಲ್ವಲ್ಲ ಮೇಡಂ."

"ಹಾಗಾದ್ರೆ ಅಗ್ಗದಲ್ಲಿ ಮುಗಿಯುತ್ತೆ."

ಅಗ್ಗದಲ್ಲಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೂ ಯಾರೋ ತನ್ನ ಮದುವೆಯ ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟ ಹಾಗಾಯಿತು ಅವಳಿಗೆ. ಒಂದು ಹೊಡೆತವಾದರೂ ಹೊಡೆದಿದ್ದರೆ, ಒಂದು ಬೈಗುಳವಾದರೂ ಬೈದಿದ್ದರೆ ಹೇಳಿಕೊಳ್ಳಲಿಕ್ಕೆ ಒಂದು ಕಥೆಯಾದರೂ ಇರುತ್ತಿತ್ತು ಎಂಬ ಯೋಚನೆ ಬಂದು, ಅಂಥ ಯೋಚನೆ ಬಂತಲ್ಲ ಎಂದು ತನ್ನ ಕೈ ನೋಡಿಕೊಂಡಳು. ಹೊಡೆತ ತಿಂದ ಹೆಂಗಸರ ತೋಳಿನಲ್ಲಿ ನರ ಹುಡುಕಿದ ಕೈ ಇದು.

ಪೂಜಿತಾ ತಾಯಿಯ ಹತ್ತಿರ, ರಜೆಯಲ್ಲಿ ತಂದೆಯ ಹತ್ತಿರ. ಒಡವೆ ಅವಳದು ಅವಳಿಗೆ. ಎಲ್ಲ ಬರೆದುಕೊಂಡ ಮೇಲೆ ಮೀರಾ ಮೇಡಂ ಪೆನ್ನು ಎತ್ತಿ ಹಿಡಿದು ಕೇಳಿದರು: "ಕೊನೇದಾಗಿ ಒಟ್ಟಿಗೆ ಇದ್ದದ್ದು ಯಾವಾಗ?"

"ಹೋದ ವರ್ಷ. ಆಷಾಢದಲ್ಲಿ ಬಂದ್ಬಿಟ್ಟೆ."

"ಅದಾದ ಮೇಲೆ?"

"ಈ ಮೇ ತಿಂಗಳಲ್ಲಿ ಇವರ ಅಕ್ಕನ ಮಗಳ ಮದುವೆ ಆಯ್ತು. ಆ ಅಕ್ಕಂಗೆ ಯಜಮಾನ್ರಿಲ್ಲ. ಧಾರೆಗೆ ನಾವಿಬ್ರು ನಿಂತಿದ್ವಿ."

"ಶಾಸ್ತ್ರಕ್ಕೆ ನಿಂತ್ರೆ ತೊಂದ್ರೆ ಇಲ್ಲ. ನಾನು ಕೇಳ್ತಿರೋದು ಸಂಸಾರ ಮಾಡಿದ್ದು. ಮಧ್ಯ ಒಂದು ದಿನ ಹಾಗೇನಾದ್ರೂ ಆಗಿದ್ರೆ ಈಗ್ಲೇ ಹೇಳ್ಬಿಡು. ಆಗ ವರ್ಷಾನ ಅಲ್ಲಿಂದ ಎಣಿಸೋದು ಕ್ಷೇಮ. ಬರೋ ಮೇ ತನಕ ಕಾಯ್ಬೇಕಾಗುತ್ತೆ ಅಷ್ಟೆ. ಮುಚ್ಚಿಟ್ಟು ನಾಳೆ ಜಡ್ಜ್ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳೋದು ನನಗೆ ಬೇಡ."

"ಇಲ್ಲ ಮೇಡಂ" ಎಂದಳು ಸುಮನಾ. ಲ್ಯಾಬಿನಲ್ಲಿ ಸೂಜಿ ಎತ್ತಿಕೊಂಡು 'ನೋವಾಗಲ್ಲ' ಎನ್ನುವಾಗ ಬರುವ ದನಿಯಲ್ಲೇ, ಅಷ್ಟೇ ಸಲೀಸಾಗಿ.

ಹೊರಗೆ ಮೆಟ್ಟಿಲ ತಲೆಯಲ್ಲಿ ಒಂದು ಬೆಂಚು. ಅವಳು ಕೂತು ಸ್ವಲ್ಪ ಹೊತ್ತಿಗೆ ಗುರು ಹತ್ತಿ ಬಂದ, ಹೆಲ್ಮೆಟ್ಟನ್ನು ಕೂಸಿನ ಹಾಗೆ ಕಂಕುಳಲ್ಲಿ ಹಿಡಿದುಕೊಂಡು. ಇಸ್ತ್ರಿ ಮಾಡಿದ ಅಂಗಿ. ಕಾಲರಿನ ಒಂದು ಮಡಿಕೆ ಒಳಕ್ಕೆ ಸಿಕ್ಕಿಕೊಂಡಿತ್ತು. ಅವಳ ಬೆರಳು ತಾನಾಗಿ ಮಡಿಲಲ್ಲೇ ಒಂದು ಸಲ ಅಲುಗಿ ಸುಮ್ಮನಾಯಿತು. ಅವನು ಬೆಂಚಿನ ಆ ತುದಿಗೆ ಕೂತ. ಮಧ್ಯೆ ಕೂರಲು ಮಗಳಿರಲಿಲ್ಲ. ಅವನು ಗೋಡೆ ನೋಡಿದ, ಮೆಟ್ಟಿಲು ನೋಡಿದ, ಕೊನೆಗೆ ಹೆಲ್ಮೆಟ್ಟಿಗೆ ಹೇಳುವವನ ಹಾಗೆ, "ಪೂಜಿತಾ ಸ್ಕೂಲಿಗೆ ಹೋದ್ಲಾ" ಎಂದ. "ಹ್ಞೂಂ" ಎಂದಳು. "ಕೆಮ್ಮು?" "ವಾಸಿ." ಒಳಗಿಂದ ಕರೆ ಬಂತು. ಅವನು ಎದ್ದು ಹೆಲ್ಮೆಟ್ಟನ್ನು ಬೆಂಚಿನ ಮೇಲೆ, ಅವಳ ಪಕ್ಕ ಇಟ್ಟ. ಎರಡು ಹೆಜ್ಜೆ ಹೋದವನು ಏನನ್ನಿಸಿತೋ, ತಿರುಗಿ ಬಂದು ಅದನ್ನು ಎತ್ತಿಕೊಂಡು ಹೋದ.

ಬಾಗಿಲು ಮುಚ್ಚಿತು. ಈಗ ಅವನನ್ನೂ ಅದೇ ಕೇಳುತ್ತಾರೆ. ಅವನು ಏನೆನ್ನುತ್ತಾನೆ? ಹೇಳಿಬಿಟ್ಟರೆ ತಾನು ಸುಳ್ಳಿ. ಹೇಳದಿದ್ದರೆ... ಹೇಳದಿದ್ದರೆ ಎಲ್ಲ ಸರಾಗ, ಈ ತಿಂಗಳೇ ಅರ್ಜಿ. ಸುಮನಾ ಕೆಳಗಿನ ಜೆರಾಕ್ಸ್ ಮೆಷಿನ್ನಿನ ಸದ್ದಿಗೆ ಕಿವಿಕೊಟ್ಟು ಕೂತಳು. ಹಾಳೆ ಒಳಗೆ ಹೋಗುವುದು, ಬೆಳಕು ಹಾಯುವುದು, ಅದೇ ಹಾಳೆ ಇನ್ನೊಂದಾಗಿ ಹೊರಗೆ ಬರುವುದು. ಗುರುವಿನ ಅಕ್ಕ ವಿಮಲಮ್ಮ ಭದ್ರಾವತಿಗೆ ಬಂದದ್ದು ಏಪ್ರಿಲ್ಲಿನ ಉರಿಬಿಸಿಲಲ್ಲಿ. ಮಗಳು ಪ್ರಿಯದರ್ಶಿನಿಯನ್ನು ಕಟ್ಟಿಕೊಂಡು ತಮ್ಮನ ಮನೆಯ ಹಿಂದಿನ ಕೋಣೆಯಲ್ಲೇ ಇಷ್ಟು ವರ್ಷ ಬಾಳಿದ ಹೆಂಗಸು; ಯಾರ ಮುಂದೂ ಸೆರಗೊಡ್ಡಿದವಳಲ್ಲ. ಕೊಟ್ಟ ನೀರನ್ನು ಕುಡಿಯದೆ ಲೋಟ ಹಿಡಿದೇ ಹೇಳಿದಳು: "ನಿನ್ನ ಗಂಡನ್ನ ಬಿಟ್ಟಿದೀಯ, ಸರಿ. ನನ್ನ ಮಗಳನ್ನೂ ಬಿಟ್ಟಿದೀಯಾ? ಗಂಡಿನ ಕಡೆಯವ್ರಿಗೆ ಏನೂ ಗೊತ್ತಿಲ್ಲ. ನಾನು ಧಾರೆ ಎರೆಯೋ ಹಾಗಿಲ್ಲ. ಒಂದು ದಿನ, ಒಂದೇ ದಿನ ಅವನ ಜೊತೆ ನಿಂತ್ಕೊ ಮಾರಾಯ್ತಿ. ಆಮೇಲೆ ನಿನ್ನ ದಾರಿ ನಿಂದು." ಹಾಗೆ ಅವಳು ನಿಂತಳು. ಅವನ ಶಲ್ಯಕ್ಕೂ ಅವಳ ಸೆರಗಿಗೂ ಗಂಟು ಹಾಕಿದರು. ಗಿಂಡಿ ಅವನ ಕೈಯಲ್ಲಿ, ಅವನ ಕೈಯ ಮೇಲೆ ಅವಳ ಕೈ, ಕೆಳಗೆ ಹುಡುಗ ಹುಡುಗಿಯ ಅಂಗೈಗಳ ಮೇಲೆ ತೆಂಗಿನಕಾಯಿ. ವಾಲಗ ಜೋರಾಗುತ್ತಿದ್ದ ಹಾಗೆ ಅವಳ ಕೈ ಅವಸರಿಸಿ, ಗಿಂಡಿ ವಾಲಿ ಹಾಲು ಆಚೀಚೆ ಚೆಲ್ಲಿತು. ಆಗ ಕಿವಿಯ ಹತ್ತಿರವೇ ಆ ದನಿ ಬಂತು, ಮೈದಾನದ ದನಿ: "ನಿಧಾನ. ನಿಧಾನವಾಗಿ ಬಿಡು. ಹ್ಞಾ, ಹಾಗೆ." ಯಾರಿಗೂ ಹೇಳು ಎಂದಲ್ಲ. ಅವಳಿಗೇ.

ಹೆಣ್ಣು ಕಳಿಸಿಕೊಟ್ಟ ಮನೆಯಲ್ಲಿ ಆ ರಾತ್ರಿ ದೀಪ ಆರಬಾರದು, ಧಾರೆ ಎರೆದ ಜೋಡಿಯೇ ಕಾಯಬೇಕು, ಅದು ಅವರ ಮನೆತನದ ಪದ್ಧತಿ. ಪೂಜಿತಾ ಮದುಮಗಳ ಜೊತೆ ಬಸ್ಸು ಹತ್ತಿದ್ದಳು. ವಿಮಲಮ್ಮ ಛತ್ರದಲ್ಲಿ ಪಾತ್ರೆ ಒಪ್ಪಿಸಲು ಉಳಿದಳು. ಬೇಕೆಂದೇ ಉಳಿದಳೋ, ಕೇಳಿದವರಿಲ್ಲ. ಹೊಸಮನೆಯ ಆ ಮನೆಯೊಳಗೆ, ಬಾಡಿದ ಹೂವಿನ, ಉಳಿದ ಲಾಡಿನ ವಾಸನೆಯ ನಡುವೆ ಇಬ್ಬರೇ. ಸೆರಗಿನ ಗಂಟು ಇನ್ನೂ ಹಾಗೇ ಇತ್ತು. ಹಾಲು ಬಿದ್ದು ಒಣಗಿ ಕಲ್ಲಾಗಿ ಅದು ಬಿಚ್ಚಲು ಬರಲಿಲ್ಲ. "ಕತ್ತರಿ ತರ್ಲಾ?" ಎಂದ. "ಬೇಡ, ಹೊಸ ಸೀರೆ" ಎಂದಳು. ಅವನು ದೀಪದ ಹತ್ತಿರ ಕೂತು ಉಗುರಿನಿಂದ, ಆಮೇಲೆ ಹಲ್ಲಿನಿಂದ ಅದನ್ನು ಎಳೆಯುತ್ತ, ಎಳೆಯುವ ನಡುವೆ ಮಾತಾಡುತ್ತ ಹೋದ. ಎಪ್ಪತ್ತು ದಾಟಿದ ಒಬ್ಬ ಮೇಷ್ಟ್ರು ಕಾರು ಕಲಿಯಲು ಬರುತ್ತಾರಂತೆ, ಹೆಂಡತಿಯನ್ನು ಒಂದು ಸಲ ಜೋಗಕ್ಕೆ ಕರೆದೊಯ್ಯಬೇಕಂತೆ, ಬಲಕ್ಕೆ ಅಂದರೆ ಎಡಕ್ಕೆ ತಿರುಗಿಸುತ್ತಾರಂತೆ. ಅವಳು ನಕ್ಕಳು. ಬೆಳಿಗ್ಗೆ ಎದ್ದರೆ ಕೊಡ ತುಂಬಿ ಹರಿದರೂ ಬೈಯುವವರಿಲ್ಲ ಎಂದ. ಗಂಟು ಯಾವಾಗ ಬಿಚ್ಚಿತೋ ಅವಳಿಗೆ ಗೊತ್ತಾಗಲಿಲ್ಲ. ಬಿಚ್ಚಿದ ಮೇಲೂ ಇಬ್ಬರೂ ಅಲ್ಲಿಂದ ಏಳಲಿಲ್ಲ. ಇಷ್ಟು ವರ್ಷ ನರ ಹುಡುಕಿದ ಬೆರಳಿಗೆ ಅವನ ಮುಂಗೈಯ ನರ ಹೊಸದೆಂಬಂತೆ ತಾಗಿತು. ದೀಪಕ್ಕೆ ಎಣ್ಣೆ ಹೊಯ್ಯಲು ಸರದಿಯಂತೆ ಎದ್ದರು, ಮತ್ತೆ ಬಂದು ಮಲಗಿದರು. ಜಗತ್ತಿನಲ್ಲಿ ಇನ್ನು ಏನೂ ಬೇಕಿಲ್ಲ ಅನ್ನಿಸಿದ ರಾತ್ರಿ ಅದು. ಬೆಳಕಾಗುವ ಹೊತ್ತಿಗೆ ಅವಳು ಇಲ್ಲೇ ಇದ್ದುಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಸೂಟ್‌ಕೇಸಿಗೆ ಯಾರನ್ನು ಕಳಿಸುವುದೆಂದೂ ಯೋಚಿಸಿದ್ದಳು.

ಒಂಬತ್ತಕ್ಕೆಲ್ಲ ವಿಮಲಮ್ಮ, ಪೂಜಿತಾ, ನೆಂಟರು ಬಂದು ಮನೆ ತುಂಬಿತು. ಸುಮನಾ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದಳು. ಹೊರಗಿಂದ ಅವನ ದನಿ ಕೇಳಿಸಿತು: "ಪೂಜಿತಾ, ನಿನ್ನಮ್ಮಂಗೆ ಕೇಳು, ಎಷ್ಟು ಗಂಟೆ ಬಸ್ಸಿಗೆ ಹೋಗ್ತಾಳಂತೆ." ಅವಳು ಲೋಟಗಳನ್ನು ತಟ್ಟೆಯಲ್ಲಿಟ್ಟಳು. ಮಗಳು ಬಾಗಿಲಲ್ಲಿ ಬಂದು ನಿಂತು ಕೇಳಲಿಲ್ಲ, ಸುಮ್ಮನೆ ತಾಯಿಯ ಮುಖ ನೋಡಿದಳು. "ಹತ್ತೂವರೆ ಬಸ್ಸಿಗೆ ಅಂತ ಹೇಳು" ಎಂದಳು ಸುಮನಾ. ಹೇಳಿದ ಮೇಲೆ ಹೊಳೆಯಿತು, ಹೇಳು ಎಂದವಳು ತಾನೂ ಹೌದು ಎಂದು. ತಾನೇ ಹೊರಗೆ ಹೋಗಿ ಎದುರಿಗೆ ನಿಂತು 'ಹೋಗಲ್ಲ' ಅಂದಿದ್ದರೆ? ಆ ಒಂದು ಮಾತಿಗೆ ಅಡುಗೆಮನೆಯ ಹೊಸಿಲು ದಾಟುವಷ್ಟೇ ದೂರವಿತ್ತು. ಭದ್ರಾವತಿಯ ಬಸ್ಸಿನಲ್ಲಿ ಉದ್ದಕ್ಕೂ ಅವಳು ಅದನ್ನೇ ಯೋಚಿಸಿದಳು, ಆಮೇಲಿನ ತಿಂಗಳುಗಳಲ್ಲೂ. ಅವನು ಬದಲಾಗುವವನಲ್ಲ, ತಾನೂ ಆ ಹೊಸಿಲು ದಾಟುವವಳಲ್ಲ. ಮಗಳನ್ನು ಮತ್ತೆ ಆ ಬಾಗಿಲಲ್ಲಿ ನಿಲ್ಲಿಸಬಾರದು, ಅಷ್ಟೆ. ದೀಪಾವಳಿ ಕಳೆದ ಮೇಲೆ ಅವನಿಗೆ ಫೋನ್ ಮಾಡಿ ವಕೀಲರ ವಿಷಯ ಹೇಳಿದಳು. "ನಿನ್ನಿಷ್ಟ" ಎಂದ.

"ಬಾರಮ್ಮ ಒಳಗೆ" ಎಂದು ಮೀರಾ ಮೇಡಂ ಕೂಗಿದರು.

ಎರಡು ಕುರ್ಚಿ. ಗುರು ಒಂದರಲ್ಲಿ, ಹೆಲ್ಮೆಟ್ಟು ಅವನ ತೊಡೆಯ ಮೇಲೆ. "ಇಬ್ರೂ ಒಂದೇ ಮಾತು ಹೇಳಿದೀರಿ. ಒಳ್ಳೇದಾಯ್ತು. ಓದ್ತೀನಿ, ಸರಿಯಿದ್ಯಾ ನೋಡ್ಕೊಳ್ಳಿ" ಎಂದು ಮೇಡಂ ಹಾಳೆ ಎತ್ತಿದರು. ಮದುವೆಯಾದ ವರ್ಷ, ಸ್ಥಳ, ಮಗಳ ಹೆಸರು. ಆಮೇಲೆ: "ಕಳೆದ ವರ್ಷದ ಆಷಾಢ ಮಾಸದಿಂದ ಅರ್ಜಿದಾರರು ಪ್ರತ್ಯೇಕವಾಗಿ ವಾಸಿಸುತ್ತಿದ್ದು, ಅಂದಿನಿಂದ ಇಂದಿನವರೆಗೆ ಒಂದು ದಿನವೂ ದಂಪತಿಗಳಾಗಿ ಕೂಡಿ ಬಾಳಿರುವುದಿಲ್ಲ."

ಗುರು ತಲೆಯಾಡಿಸಿದ.

ಒಂದು ದಿನವೂ. ಅವಳು ಹೇಳಿದ್ದ ಸುಳ್ಳೇ ಅದು, ಅವಳದೇ ಮಾತು. ಆದರೂ ಅವನ ತಲೆ ಹಾಗೆ ಸಲೀಸಾಗಿ ಮೇಲೆ ಕೆಳಗೆ ಆಡಿದ್ದನ್ನು ಸುಮನಾಳಿಗೆ ಸಹಿಸಲಾಗಲಿಲ್ಲ. ಬೆಂಚಿನ ಮೇಲೆ ಕೂತಷ್ಟು ಹೊತ್ತು ತಾನು ಏನನ್ನು ಬಯಸುತ್ತಿದ್ದೆನೆಂಬುದು ಆಗ ಅವಳಿಗೆ ತಿಳಿಯಿತು. ಅವನು ಇಲ್ಲ ಎನ್ನಬಾರದಿತ್ತು. ತನ್ನನ್ನು ಸುಳ್ಳಿ ಮಾಡಿಯಾದರೂ ಆ ರಾತ್ರಿಯನ್ನು ಅವನು ಉಳಿಸಬೇಕಿತ್ತು. ಈಗ ಈ ಹಾಳೆಗೆ ಇಬ್ಬರೂ ಸಹಿ ಹಾಕಿದರೆ ದೀಪ, ಲಾಡಿನ ವಾಸನೆ, ಎಡಕ್ಕೆ ತಿರುಗಿಸುವ ಮೇಷ್ಟ್ರು, ಯಾವುದೂ ನಡೆದೇ ಇಲ್ಲ. ಅವರ ಸಂಸಾರದ ಕೊನೆಯ ದಿನವೆಂದರೆ ಆಷಾಢದ ಆ ದಿನ, ಸೂಟ್‌ಕೇಸು, ಬೀದಿಯ ಹೆಂಗಸರ ನಗು, ಗೋಡೆಗೆ ಮುಖ ಮಾಡಿದ ಮಗು. ಕೊನೆ ಅಂತ ಒಂದಿರಲೇಬೇಕಾದರೆ ಅದೇ ಯಾಕಾಗಬೇಕು?

"ಮೇಡಂ, ಅದು ಸರಿಯಿಲ್ಲ" ಎಂದಳು.

"ಯಾವುದು?"

"ಒಂದು ದಿನವೂ ಅನ್ನೋದು. ಆ ಮದುವೆ ರಾತ್ರಿ ನಾನು ಅಲ್ಲೇ ಇದ್ದೆ."

"ಅಲ್ಲೇ ಇದ್ದೆ ಅಂದ್ರೆ?"

"ಇದ್ದೆ ಮೇಡಂ."

ಮೀರಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಗುರುವಿನ ಕಡೆ ತಿರುಗಿದರು. "ಏನ್ರೀ?" ಅವನ ಕಿವಿಯ ತುದಿ ಕೆಂಪಾಗಿತ್ತು. "ಹೌದು" ಎಂದ. "ಮತ್ತೆ ಆಗ್ಲೇ ಇಲ್ಲ ಅಂದ್ರಲ್ಲ, ನನ್ನೇನು ಗೊಂಬೆ ಅಂದ್ಕೊಂಡ್ರಾ?" ಅವನು ಹೆಲ್ಮೆಟ್ಟಿನ ಗಾಜನ್ನು ಮೇಲೆ ಮಾಡಿದ, ಕೆಳಗೆ ಮಾಡಿದ. "ಅವಳು ಇಲ್ಲ ಅಂದಿರ್ತಾಳೆ ಅಂತ..." ಎಂದು ವಕೀಲರಿಗೆ ಹೇಳತೊಡಗಿದವನು ಅಷ್ಟಕ್ಕೇ ನಿಂತ. ನಿಧಾನವಾಗಿ, ಕುತ್ತಿಗೆ ನೋಯುವವನ ಹಾಗೆ, ಸುಮನಾಳ ಕಡೆಗೆ ತಿರುಗಿದ. "ನೀನು ಇಲ್ಲ ಅಂದಿರ್ತೀಯ ಅಂತ ಗೊತ್ತಿತ್ತು. ನಾನು ಹೌದು ಅಂದ್ರೆ ನಿನ್ನ ಮಾತು ಬೀಳ್ತಿತ್ತಲ್ಲ. ಪರರ ಮುಂದೆ ಯಾಕೆ ಅಂತ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ತನ್ನ ಮಾತು ಉಳಿಯಲೆಂದು ಅವನು ಆ ರಾತ್ರಿಯನ್ನೇ ಬಿಟ್ಟುಕೊಟ್ಟಿದ್ದ. ಕೇಳದೆ, ಹೇಳದೆ, ಎಂದಿನ ಹಾಗೆ ತನ್ನ ಕಾಲ ಕೆಳಗಿನ ಬ್ರೇಕನ್ನು ತಾನೇ ಒತ್ತಿ.

"ಸರಿ. ಈಗ ಏನ್ಮಾಡೋಣ? ಬೇಡ್ವಾ ಹಾಗಾದ್ರೆ?" ಎಂದರು ಮೀರಾ ಮೇಡಂ. ಈ ಸಲ ದನಿಯಲ್ಲಿ ಗದರಿಕೆ ಇರಲಿಲ್ಲ. ಕೆಳಗೆ ಜೆರಾಕ್ಸ್ ಮೆಷಿನ್ನೂ ನಿಂತಿತ್ತು. ಸುಮನಾಳ ಬಾಯಿಗೆ ಒಂದು ಮಾತು ಬಂತು, ಬಂದದ್ದು ಅಲ್ಲೇ ನಿಂತಿತು. ಅವನ ಕಡೆಯಿಂದ ಬರಬಹುದೇ ಎಂದು ಕಾದಳು. ಅವನೂ ಕಾಯುತ್ತಿದ್ದನೆಂದು ಅವನ ಉಸಿರಿನಿಂದ ತಿಳಿಯುತ್ತಿತ್ತು. ಹಾಗೆ ಇಬ್ಬರೂ ಕಾದರು, ಇಷ್ಟು ವರ್ಷ ಕಾದ ಹಾಗೆ. ನಡುವೆ ಮಗಳು ಕೂತಿದ್ದಿದ್ದರೆ ಹೇಳಿಕಳಿಸಬಹುದಿತ್ತೋ ಏನೋ.

"ಬೇಕು ಮೇಡಂ" ಎಂದಳು ಕೊನೆಗೆ. "ಆದ್ರೆ ಲೆಕ್ಕ ಆ ದಿನದಿಂದ ಇರ್ಲಿ."

"ಮೇ ತನಕ ಕಾಯ್ಬೇಕು."

"ಕಾಯ್ತೀನಿ."

"ನೀವೇನಂತೀರಿ?"

"ಅವಳು ಹೇಳಿದ ಹಾಗೆ."

"ಅವಳು ಹೇಳಿದ್ದು ನನಗೆ ಕೇಳಿಸ್ತು. ನಿಮಗೇನು ಅಂತ ಹೇಳ್ರಿ ಮಾರಾಯ್ರೆ."

ಗುರು ಹೆಲ್ಮೆಟ್ಟನ್ನು ನೆಲಕ್ಕಿಟ್ಟ. "ನನಗೂ ಆ ದಿನಾನೇ" ಎಂದ.

ಮೀರಾ ಮೇಡಂ ಓದಿದ್ದ ಹಾಳೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, ಇನ್ನೊಂದನ್ನು ಎಳೆದುಕೊಂಡರು. "ಈಗ್ಲೇ ಬರೆದಿಟ್ಕೊತೀನಿ. ಮೇ ಬರೋ ಹೊತ್ತಿಗೆ ನೀವು ಮತ್ತೆ ಬೇರೆ ಹೇಳೋ ಪೈಕಿ. ಅಲ್ಲಿ ತನಕ ಇನ್ಯಾವ ಮದುವೇಲೂ ಜೊತೆಗೆ ನಿಲ್ಬೇಡಿ, ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತೆ." ಪೆನ್ನು ಕೈಗೆತ್ತಿಕೊಂಡರು. "ದಿನಾಂಕ?"

ಸುಮನಾ ವಾರ ನೆನಪಿಸಿಕೊಳ್ಳುವಷ್ಟರಲ್ಲಿ ಗುರು ತಾರೀಕು ಹೇಳಿದ್ದ, ತಡವರಿಸದೆ, ದಿನಾ ಹೇಳಿಕೊಂಡು ರೂಢಿಯಿದ್ದವನ ಹಾಗೆ.

"ಕೊನೇದಾಗಿ ಒಟ್ಟಿಗಿದ್ದ ಸ್ಥಳ?"

"ನಮ್ಮನೇಲಿ" ಎಂದಳು ಸುಮನಾ. ಎಂದ ಮೇಲೆ ತನ್ನ ಬಾಯಿಂದ ಬಂದದ್ದೇನೆಂದು ಕೇಳಿಸಿತು. ಭದ್ರಾವತಿಗೆ ಹೋದ ಮೇಲೆ ಅದನ್ನು ಅವಳು 'ಅಲ್ಲಿ' ಎನ್ನುತ್ತಿದ್ದಳು, 'ಹೊಸಮನೆ' ಎನ್ನುತ್ತಿದ್ದಳು, 'ನಿಮ್ಮಪ್ಪನ ಮನೆ' ಎನ್ನುತ್ತಿದ್ದಳು.

"ನಮ್ಮನೆ ಅಂತೆಲ್ಲ ಬರೆಯೋಕಾಗಲ್ಲಮ್ಮ. ವಿಳಾಸ ಬೇಕು."

ಅವಳು ಗುರುವಿನ ಕಡೆ ನೋಡಿದಳು. ಮೀರಾ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಗುರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು, ಬಾಗಿಲ ನಂಬರಿನಿಂದ ಶುರುಮಾಡಿ, ಎಷ್ಟನೇ ಅಡ್ಡರಸ್ತೆ, ಯಾವ ಕಡೆಯ ತಿರುವು ಎಂದು ಒಂದೊಂದಾಗಿ ಹೇಳತೊಡಗಿದ, ವಕೀಲರನ್ನು ನೋಡದೆ, ಅವಳ ಕಡೆಗೇ ತಿರುಗಿ, ದಾರಿ ಗೊತ್ತಿಲ್ಲದವರಿಗೆ ಹೇಳುವ ಹಾಗೆ.